ಕೂಲಿಗೆ ಎಷ್ಟು ಸೇರು?

ವಾರ್ಷಿಕೋತ್ಸವದ ಸಂಚಿಕೆಗೆ ಅರ್ಥಶಾಸ್ತ್ರದ ಮೇಲೆ ಏನಾದರೂ ಬರೆಯಿರಿ, ಆದರೆ ಕಾಲೇಜು ಪಾಠದ ಥರ ಬೇಡ, ಕೇರಿಯ ತಾಯಂದಿರಿಗೂ ಓದಿ ಹೇಳುವ ಹಾಗಿರಲಿ ಎಂದು ಸಂಘದ ಯುವಮಿತ್ರರು ಕೇಳಿದರು. ನ್ಯಾಯವಾದ ಮಾತೇ. ಅರ್ಥಶಾಸ್ತ್ರ ಅಂದ ಕೂಡಲೇ ನಮಗೆ ಬಜೆಟ್ಟು, ಷೇರು ಮಾರ್ಕೆಟ್ಟು, ಟಿವಿಯ ಕೆಳಗಡೆ ಓಡುವ ಅಂಕಿಗಳು ನೆನಪಿಗೆ ಬರ್ತವೆ. ಅವನ್ನು ಪಕ್ಕಕ್ಕಿಡೋಣ. ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ನಮ್ಮ ಸೀಮೆಯ ಇನ್ನೂರು ವರ್ಷದ ಚರಿತ್ರೆಯನ್ನು ನೋಡಿಕೊಂಡು ಬರೋಣ. ಪ್ರಶ್ನೆ ಇದು: ಒಂದು ದಿನದ ಕೂಲಿಗೆ ಎಷ್ಟು ಸೇರು ಕಾಳು ಬರ್ತದೆ?

ಹಿಂದಿನವರು ಕೂಲಿಯನ್ನು ಹೀಗೇ ಅಳೆಯುತ್ತಿದ್ದರು. ರೂಪಾಯಿ ಎಷ್ಟು ಅನ್ನೋದು ಆಮೇಲಿನ ಮಾತು. ಓದಿದವರು ಇದಕ್ಕೇ ಎರಡು ಹೆಸರು ಇಟ್ಟಿದ್ದಾರೆ. ಕೈಗೆ ಬರುವ ರೂಪಾಯಿ ಹಣದ ಕೂಲಿ. ಆ ರೂಪಾಯಿ ಮನೆಗೆ ತರುವ ಕಾಳು, ಎಣ್ಣೆ, ಬಟ್ಟೆ ನಿಜ ಕೂಲಿ. ಕಲ್ಯಾಣದುರ್ಗದ ಸಂತೆಗೆ ಹೋಗಿ ಬರುವ ಯಾವ ತಾಯಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಆಕೆಗೆ ಗೊತ್ತಿರುವ ಈ ಲೆಕ್ಕವನ್ನು ದೊಡ್ಡ ದೊಡ್ಡ ಅಧಿಕಾರಿಗಳು ಯಾವಾಗ ಮರೆತರು, ಯಾವಾಗ ಗೊತ್ತಿದ್ದೂ ತಪ್ಪು ಮಾಡಿದರು ಅನ್ನುವುದೇ ಈ ಲೇಖನದ ವಿಷಯ.

ಮೊದಲು ಹಳೆಯ ಪದ್ಧತಿ. ನಮ್ಮ ಕೇರಿಯವರಿಗೆ ಕೂಲಿ ರೂಪಾಯಿಯಲ್ಲಿ ಬರುತ್ತಿದ್ದುದು ಕಡಿಮೆ. ಬಾವಿಯಿಂದ ನೀರೆತ್ತುವ ಕಪಿಲೆಗೆ ಚರ್ಮದ ಬಾನಿ ಹೊಲಿಯಬೇಕು, ಎತ್ತಿಗೆ ಮಿಣಿ, ಬಾರುಕೋಲಿಗೆ ಬಾರು, ರೈತನ ಕಾಲಿಗೆ ಮೆಟ್ಟು. ವರ್ಷವಿಡೀ ಈ ಕೆಲಸ. ಸುಗ್ಗಿಯಲ್ಲಿ ಕಣದ ಹತ್ತಿರ ಹೋಗಿ ನಿಂತರೆ ಆಯ ಅಂತ ಇಷ್ಟು ಕಾಳು. ಇದನ್ನು ಹೊಗಳುವವರು ಇದ್ದಾರೆ, ಹಳ್ಳಿಯಲ್ಲಿ ಎಲ್ಲರಿಗೂ ಪಾಲಿತ್ತು ಅಂತ. ಪಾಲಿತ್ತು, ನಿಜ. ಆದರೆ ಪಾಲು ಎಷ್ಟು ಅಂತ ಹೇಳುವ ಹಕ್ಕು ನಮಗಿರಲಿಲ್ಲ, ಈ ವರ್ಷ ನಾನು ಹೊಲಿಯಲ್ಲ ಅನ್ನುವ ಹಕ್ಕೂ ಇರಲಿಲ್ಲ. ಬೇಡ ಅನ್ನಲಾರದವನಿಗೆ ಬೇಕಾದ ಬೆಲೆ ಕೇಳಲಾಗದು. ಈ ಮಾತು ಮುಂದೆ ಮತ್ತೆ ಬರ್ತದೆ, ನೆನಪಿಡಿ.

ಆದರೂ ಲೆಕ್ಕದ ಮಟ್ಟಿಗೆ ಆಯದಲ್ಲಿ ಒಂದು ಗುಣ ಇತ್ತು, ಒಂದು ದೋಷ ಇತ್ತು. ಕಾಳಿನಲ್ಲೇ ಕೂಲಿ ಬರುವಾಗ ಸಂತೆಯಲ್ಲಿ ಕಾಳಿನ ಬೆಲೆ ಏರಿದರೆ ಕೂಲಿಯವನಿಗೆ ನಷ್ಟವಿಲ್ಲ. ದೋಷ ಏನು ಅಂದ್ರೆ, ಮಳೆ ಹೋದ ವರ್ಷ ಕಣವೇ ಇಲ್ಲ. ಕಣ ಇಲ್ಲದಿದ್ದರೆ ಆಯವೂ ಇಲ್ಲ. ರೈತನ ಮನೆಯಲ್ಲಿ ಹಗೇವಿನಲ್ಲಿ ಹೋದ ವರ್ಷದ್ದು ಒಂದಿಷ್ಟು ಇರ್ತದೆ. ಕೇರಿಯಲ್ಲಿ ಹಗೇವು ಎಲ್ಲಿಂದ ಬರಬೇಕು? ಬೆಳೆ ಬಂದರೆ ಸಣ್ಣ ಪಾಲು, ಬೆಳೆ ಹೋದರೆ ಪೂರಾ ನಷ್ಟ. ಲಾಭದಲ್ಲಿ ಕಡಿಮೆ ಪಾಲು, ಅಪಾಯದಲ್ಲಿ ದೊಡ್ಡ ಪಾಲು. ಯಾವ ವ್ಯವಹಾರ ಬಂದರೂ ನೀವು ಕೇಳಬೇಕಾದದ್ದು ಇದು: ಅಪಾಯ ಯಾರ ತಲೆ ಮೇಲೆ?

1800ರಲ್ಲಿ ನಿಜಾಮರು ನಮ್ಮ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ದತ್ತ ಮಂಡಲ ಅನ್ನುವ ಹೆಸರು ಅದರಿಂದಲೇ ಬಂದಿದ್ದು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ಅನಂತಪುರದಲ್ಲಿ ಕೂತು ಹೊಲ ಹೊಲವನ್ನೂ ಅಳೆಸಿ ಕಂದಾಯ ಕಟ್ಟಿದರು. ಮನ್ರೋ ಬಗ್ಗೆ ಜನ ಒಳ್ಳೆಯ ಮಾತೇ ಆಡ್ತಾರೆ. ಈ ಕಂದಾಯ ಜಾಸ್ತಿಯಾಯಿತು, ಕಾಲು ಭಾಗ ಇಳಿಸಿ ಎಂದು 1807ರಲ್ಲಿ ಅವರೇ ಮೇಲಿನವರಿಗೆ ಶಿಫಾರಸು ಮಾಡಿದ್ದರು. ನಮಗೆ ಬೇಕಾದದ್ದು ಬೇರೆ ವಿಷಯ. ಕಂದಾಯವನ್ನು ಹಣದಲ್ಲಿ ಕಟ್ಟಬೇಕು, ಅದೂ ಕಿಸ್ತಿನ ತಾರೀಕಿಗೆ. ಹಣ ಬೇಕಾದರೆ ಕಾಳು ಮಾರಬೇಕು. ಎಲ್ಲ ರೈತರೂ ಒಂದೇ ತಿಂಗಳಲ್ಲಿ ಮಾರಲು ಹೋದರೆ ಏನಾಗ್ತದೆ? ಕೊಳ್ಳುವವರು ಅಷ್ಟೇ ಇದ್ದಾರೆ, ಮಾರುವವರು ನೂರು ಪಟ್ಟು. ಬೆಲೆ ಬೀಳ್ತದೆ. ಆರು ತಿಂಗಳ ಮೇಲೆ ಅದೇ ರೈತ ಊಟಕ್ಕೋ ಬಿತ್ತನೆಗೋ ಕಾಳು ಕೊಳ್ಳುವಾಗ ಬೆಲೆ ಏರಿರ್ತದೆ. ಬೇಡಿಕೆ, ಪೂರೈಕೆ ಅಂತ ಪುಸ್ತಕದಲ್ಲಿ ಬರೆಯುವುದು ಇದನ್ನೇ. ಪುಸ್ತಕ ಒಂದು ಮಾತನ್ನು ಅಷ್ಟು ಒತ್ತಿ ಹೇಳಲ್ಲ: ಕಾಯಬಲ್ಲವನಿಗೆ ಒಂದು ಬೆಲೆ, ಕಾಯಲಾರದವನಿಗೆ ಇನ್ನೊಂದು. ಕಾಳು ಕೊಂಡು ಮಂಡಿಯಲ್ಲಿಟ್ಟು ಕಾದವನು ಬೆಳೆದವನಿಗಿಂತ ಹೆಚ್ಚು ಗಳಿಸಿದ.

ಈಗ ನಮ್ಮ ಸೀಮೆ ಮರೆಯಬಾರದ ವರ್ಷಗಳಿಗೆ ಬರೋಣ. 1876ರಲ್ಲಿ ಮಳೆ ಕೈಕೊಟ್ಟಿತು. ಪಂಚಾಂಗದಲ್ಲಿ ಅದು ಧಾತು ಸಂವತ್ಸರ, ಅದರ ಮುಂದಿನದು ಈಶ್ವರ. ಅದಕ್ಕೇ ಹಿರಿಯರ ಬಾಯಲ್ಲಿ ಧಾತು ಬರ, ಧಾತು ಕರುವು. ಆಗ ಅನಂತಪುರ ಬೇರೆ ಜಿಲ್ಲೆಯಾಗಿರಲಿಲ್ಲ, ಬಳ್ಳಾರಿಯ ಒಳಗೇ ಇತ್ತು, ಬೇರೆಯಾದದ್ದು 1882ರಲ್ಲಿ. ಇಂದಿನ ಅನಂತಪುರದ ತಾಲೂಕುಗಳಲ್ಲಿ 1871ರ ಜನಗಣತಿಯಂತೆ ಸುಮಾರು 7 ಲಕ್ಷ 41 ಸಾವಿರ ಜನ ಇದ್ದರು. 1881ರಲ್ಲಿ ಎಣಿಸಿದಾಗ ಸುಮಾರು 6 ಲಕ್ಷ. ಹತ್ತು ವರ್ಷದಲ್ಲಿ ಜನ ಹೆಚ್ಚಬೇಕಾಗಿತ್ತು, ಐದರಲ್ಲಿ ಒಂದು ಪಾಲು ಕಡಿಮೆಯಾಯಿತು. ಕೆಲವರು ಊರು ಬಿಟ್ಟು ಹೋದರು, ಬಹಳ ಮಂದಿ ಸತ್ತರು. ಇದೊಂದು ಅಂಕಿಯನ್ನು ನಮ್ಮ ಹುಡುಗರು ಬಾಯಿಪಾಠ ಮಾಡಿದರೂ ತಪ್ಪಿಲ್ಲ.

ಮಳೆ ಬರಲಿಲ್ಲ, ಕಾಳು ಇರಲಿಲ್ಲ, ಜನ ಸತ್ತರು. ಸಾಮಾನ್ಯವಾಗಿ ಕಥೆ ಹೀಗೆ ಮುಗಿದುಹೋಗ್ತದೆ. ನಿಜ ಅಷ್ಟು ಸರಳವಲ್ಲ. ದೇಶದಲ್ಲಿ ಕಾಳು ಪೂರ್ತಿ ಇಲ್ಲದೆ ಹೋಗಿರಲಿಲ್ಲ. ಆ ವರ್ಷಗಳಲ್ಲೇ ಇಂಡಿಯಾದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಸಮುದ್ರದ ಮೇಲಿಂದ ಮದ್ರಾಸಿಗೆ ಅಕ್ಕಿ ಬರುತ್ತಿತ್ತು. ಮದ್ರಾಸಿನಿಂದ ಗುತ್ತಿಯ ಕಡೆಗೆ, ಬಳ್ಳಾರಿಯ ಕಡೆಗೆ ರೈಲೂ ಇತ್ತು. (ಕಲ್ಯಾಣದುರ್ಗಕ್ಕೆ ಇರಲಿಲ್ಲ. ನಮಗೆ ರಾಯದುರ್ಗದಿಂದ ಹಳಿ ಬಂದದ್ದು ಮೊನ್ನೆ ಮೊನ್ನೆ.) ರೈಲು ನಿಂತ ಕಡೆಯಿಂದ ಒಳಗಿನ ಊರಿಗೆ ಗಾಡಿಯಲ್ಲಿ ಸಾಗಿಸಬೇಕು, ಗಾಡಿಗೆ ಎತ್ತು ಬೇಕು, ಎತ್ತಿಗೆ ಮೇವಿಲ್ಲ. ಅದೊಂದು ತೊಂದರೆ. ದೊಡ್ಡ ತೊಂದರೆ ಇನ್ನೊಂದಿತ್ತು. ಕಾಳು ಬಂದರೂ ಕೊಳ್ಳುವುದಕ್ಕೆ ಯಾರ ಕೈಯಲ್ಲಿ ದುಡ್ಡಿತ್ತು? ಹೊಲದಲ್ಲಿ ಕೆಲಸವಿಲ್ಲ ಅಂದರೆ ಕೂಲಿ ಇಲ್ಲ. ಕಣ ಇಲ್ಲ, ಆಯ ಇಲ್ಲ. ಹೊಟ್ಟೆಗಿಲ್ಲದ ಊರಿನಲ್ಲಿ ಸೀರೆ ಕೊಳ್ಳುವವರಿಲ್ಲ, ಹಾಗಾಗಿ ನೇಕಾರನಿಗೂ ಇಲ್ಲ. ದನ ಸಾಯುತ್ತಿದ್ದವು, ಚರ್ಮ ಬೇಕಾದಷ್ಟು. ಆದರೆ ಮೆಟ್ಟು, ಮಿಣಿ ಮಾಡಿಸುವವರು ಯಾರೂ ಇಲ್ಲ. ಆ ಚರ್ಮ ಮಂಡಿಗಳ ಮೂಲಕ ಮದ್ರಾಸು ಸೇರಿ ಹಡಗು ಹತ್ತಿತು.

ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಸರ್ಕಾರದ ದುಡ್ಡಿನಲ್ಲಿ 30,000 ಟನ್ ಕಾಳು ಗುಟ್ಟಾಗಿ ಕೊಳ್ಳಲು ಏರ್ಪಾಡು ಮಾಡಿದರು. ವೈಸರಾಯ್ ಲಿಟ್ಟನ್ ಸರ್ಕಾರ ಸಿಟ್ಟಾಯಿತು. ಸರ್ಕಾರ ವ್ಯಾಪಾರಕ್ಕೆ ಇಳಿಯಬಾರದು, ಬೆಲೆ ಏರಿದರೆ ವ್ಯಾಪಾರಿಗಳು ತಾವಾಗಿಯೇ ಕಾಳು ತರ್ತಾರೆ, ತಂದ ಮೇಲೆ ಬೆಲೆ ಇಳೀತದೆ ಎಂಬುದು ಅವರ ಸಿದ್ಧಾಂತ. ಇದು ಪೂರ್ತಿ ಸುಳ್ಳಲ್ಲ, ಅದನ್ನೂ ಹೇಳಬೇಕು. ಬೆಲೆ ಏರಿದ ಕಡೆಗೆ ಸರಕು ಹರೀತದೆ. ಟೊಮೇಟೊ ಲಾರಿಗಳು ಹೋಗುವ ದಾರಿ ನೋಡಿದರೆ ನಮಗೇ ತಿಳೀತದೆ. ಆದರೆ ಸರಕು ಹರಿಯುವುದು ಹಸಿವಿದ್ದ ಕಡೆಗಲ್ಲ, ದುಡ್ಡಿದ್ದ ಕಡೆಗೆ. ಮಾರ್ಕೆಟ್ಟು ಹೊಟ್ಟೆಯ ಸದ್ದು ಕೇಳಿಸಿಕೊಳ್ಳಲ್ಲ, ಜೇಬಿನ ಸದ್ದು ಕೇಳಿಸಿಕೊಳ್ತದೆ. ದುಡ್ಡಿಲ್ಲದವನ ಹಸಿವನ್ನು ಅರ್ಥಶಾಸ್ತ್ರದಲ್ಲಿ ಬೇಡಿಕೆ ಅಂತ ಎಣಿಸುವುದೇ ಇಲ್ಲ. ಲಿಟ್ಟನ್ನರ ಸಿದ್ಧಾಂತದಲ್ಲಿ ತೂತು ಇದ್ದದ್ದು ಇಲ್ಲಿ.

ಹಾಗಾದರೆ ಜನರ ಕೈಗೆ ದುಡ್ಡು ಬರಬೇಕು. ಅದಕ್ಕೆ ಸರ್ಕಾರ ಬರಗಾಲದ ಕಾಮಗಾರಿ ತೆರೆಯಿತು: ರಸ್ತೆ, ಕೆರೆ, ಮಣ್ಣು ಹೊರುವುದು, ಜಲ್ಲಿ ಒಡೆಯುವುದು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ದೊಡ್ಡ ಅಧಿಕಾರಿ ವೈಸರಾಯ್ ಕಡೆಯಿಂದ ಮದ್ರಾಸಿಗೆ ಬಂದರು. ಇವರ ಕಥೆ ವಿಚಿತ್ರ. ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಇವರೇ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಖರ್ಚು ಮಾಡಿ, ಜನರನ್ನು ಉಳಿಸಿದ್ದರು. ಸಾವು ಬಹಳ ಕಡಿಮೆ. ಅದಕ್ಕೆ ಬಂದ ಬಹುಮಾನ ಏನು ಅಂದರೆ, ಇಷ್ಟೊಂದು ದುಡ್ಡು ಹಾಳುಮಾಡಿದೆ ಅನ್ನುವ ಬೈಗುಳ. ಹೀಗೆ ಬೈಸಿಕೊಂಡವರು ನಮ್ಮ ಕಡೆಗೆ ಬಂದಾಗ ಕೈ ಬಿಗಿ ಮಾಡಿದರು. ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡ್ ಕಾಳಿನ ಬೆಲೆ ಮತ್ತು ಅದರ ಮೇಲೆ ಒಂದಿಷ್ಟು ಪುಡಿಗಾಸು ಅಂತ ಗೊತ್ತುಮಾಡಿದರು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅದಕ್ಕೆ ಮುಂಚೆ ಒಂದೂವರೆ ಪೌಂಡಿನ ಲೆಕ್ಕ ನಡೆದಿತ್ತು.

ಇಲ್ಲಿ ಸ್ವಲ್ಪ ನಿಂತು ನೋಡಿ. ಕೂಲಿಯನ್ನು ಕಾಳಿನಲ್ಲಿ ಅಳೆದದ್ದು ಸರ್ಕಾರವೇ! ಬೆಲೆ ಏರಿದರೆ ರೂಪಾಯಿ ಕೂಲಿಯೂ ಏರಬೇಕು ಅನ್ನುವ ಲೆಕ್ಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಕಾಳನ್ನು ದಿನವಿಡೀ ಮಣ್ಣು ಹೊರುವವನ ಹೊಟ್ಟೆಗೆ ಸಾಲದಷ್ಟು ಇಟ್ಟರು. ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಜೈಲಿನ ಕೈದಿಗೆ ಕೊಡುವ ಊಟಕ್ಕಿಂತ ಇದು ಕಡಿಮೆ, ಬರೀ ಕಾಳಿನಿಂದ ಮನುಷ್ಯ ಬದುಕಲ್ಲ, ಬೇಳೆಯಂಥದ್ದೂ ಬೇಕು ಅಂತ ಲೆಕ್ಕ ಸಮೇತ ಬರೆದರು. ಟೆಂಪಲ್ ಒಂದು ಕಡೆ, ಕಾರ್ನಿಷ್ ಒಂದು ಕಡೆ, ತಿಂಗಳುಗಟ್ಟಲೆ ಕಾಗದದ ಜಗಳ. ಕೊನೆಗೆ ಮದ್ರಾಸ್ ಸರ್ಕಾರ ಕೂಲಿ ಏರಿಸಿತು. ಅಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಇನ್ನೊಂದು ನಿಯಮವೂ ಇತ್ತು, ದೂರದ ಪರೀಕ್ಷೆ. ಮನೆ ಹತ್ತಿರ ಕೆಲಸ ಕೊಟ್ಟರೆ ಹಸಿವಿಲ್ಲದವರೂ ಬಂದುಬಿಡ್ತಾರೆ, ದೂರದ ಕೆಲಸಕ್ಕೆ ಕಳಿಸಿದರೆ ನಿಜವಾಗಿ ಹಸಿದವನು ಮಾತ್ರ ನಡೆದು ಬರ್ತಾನೆ ಅನ್ನುವ ತರ್ಕ. ಅಷ್ಟು ದೂರ ನಡೆಯಲಾರದೆ ದಾರಿಯಲ್ಲಿ ಬಿದ್ದವನು ಪರೀಕ್ಷೆಯಲ್ಲಿ ಪಾಸೋ ಫೇಲೋ?

ಆಮೇಲೆ ಬರಗಾಲದ ಕಮಿಷನ್ ಕೂತಿತು, 1880ರಲ್ಲಿ ವರದಿ ಕೊಟ್ಟಿತು. ಬರ ಬಂದಾಗ ಮೊದಲು ಬೀಳುವವರು ಭೂಮಿಯಿಲ್ಲದ ಕೂಲಿಗಳು, ಕೈಕಸುಬಿನವರು. ಅವರಿಗೆ ಮೊದಲು ತಪ್ಪುವುದು ಕೆಲಸ ಅಂತ ಆ ವರದಿಯೇ ಒಪ್ಪಿತು. ನೂರು ವರ್ಷದ ಮೇಲೆ, 1981ರಲ್ಲಿ, ಅಮರ್ತ್ಯ ಸೇನ್ ಅವರು 1943ರ ಬಂಗಾಳದ ಬರವನ್ನೂ ಇನ್ನೂ ಕೆಲವು ದೇಶಗಳ ಬರಗಳನ್ನೂ ಇಟ್ಟುಕೊಂಡು ಪುಸ್ತಕ ಬರೆದು ಇದೇ ಮಾತನ್ನು ಸಾಧಿಸಿದರು: ಕಾಳು ಇರುವುದು ಬೇರೆ, ಕಾಳಿನ ಮೇಲೆ ನನಗೆ ಹಕ್ಕಿರುವುದು ಬೇರೆ. 1998ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಕೇರಿಗಳಿಗೆ ಆ ಪಾಠ 1877ರಲ್ಲೇ ಆಗಿತ್ತು, ಬಹಳ ದುಬಾರಿ ಫೀಸು ಕಟ್ಟಿಸಿಕೊಂಡು.

ಇನ್ನು ಬಾಬಾಸಾಹೇಬರು. ಸಂವಿಧಾನ ಬರೆದ ಅಂಬೇಡ್ಕರರು ಎಲ್ಲರಿಗೂ ಗೊತ್ತು. ಆದರೆ ಅವರು ಅಮೆರಿಕಾದ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಓದಿ ಡಾಕ್ಟರೇಟುಗಳನ್ನು ಪಡೆದದ್ದು ಅರ್ಥಶಾಸ್ತ್ರದಲ್ಲಿ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅವರು ಕಲಿಸಿದ ವಿಷಯವೂ ಅದೇ. ನಮ್ಮ ಕಡೆ ಪೋಸ್ಟರುಗಳಲ್ಲಿ ರಿಸರ್ವ್ ಬ್ಯಾಂಕನ್ನು ಅಂಬೇಡ್ಕರರೇ ಸ್ಥಾಪಿಸಿದರು ಅಂತ ಬರೆಸ್ತೇವೆ. ಅಷ್ಟು ಉಬ್ಬಿಸಿ ಹೇಳುವ ಅಗತ್ಯ ನನಗೆ ಕಾಣಲ್ಲ. ಅವರು ನಿಜವಾಗಿ ಹೇಳಿದ್ದನ್ನು ತಿಳಿದುಕೊಂಡರೆ ಅದೇ ಸಾಕಷ್ಟು ದೊಡ್ಡದು.

ಅದೇ 1918ರಲ್ಲಿ ಅವರು ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದರು. ಆಗ ಎಲ್ಲರೂ ಹೇಳುತ್ತಿದ್ದುದು, ಇಂಡಿಯಾದ ರೈತ ಬಡವ, ಯಾಕಂದರೆ ಹೊಲ ತುಂಡು ತುಂಡಾಗಿ ಸಣ್ಣದಾಗಿದೆ. ತುಂಡುಗಳನ್ನು ಕೂಡಿಸಿದರೆ ಸರಿಹೋಗ್ತದೆ ಅಂತ. ಅಂಬೇಡ್ಕರರು ಬೇರೆ ಪ್ರಶ್ನೆ ಕೇಳಿದರು. ಹೊಲ ಸಣ್ಣದೋ ದೊಡ್ಡದೋ ಅಂತ ಬರೀ ಎಕರೆ ನೋಡಿ ಹೇಳೋದು ಹೇಗೆ? ಅದರ ಜೊತೆಗೆ ಎತ್ತೆಷ್ಟು, ನೇಗಿಲೆಷ್ಟು, ಬಂಡವಾಳ ಎಷ್ಟು ನೋಡಬೇಕು. ಐದು ಎಕರೆ ಇದ್ದೂ ಒಂದೂ ಎತ್ತಿಲ್ಲದವನಿಗೆ ಆ ಐದು ಎಕರೆಯೇ ಹೆಚ್ಚಾಯಿತು. ಎರಡು ಎಕರೆಗೆ ನೀರು, ಗೊಬ್ಬರ, ಪಂಪು ಇದ್ದವನಿಗೆ ಅದೇ ಸಾಕು. ನಮ್ಮ ಕೇರಿಯಲ್ಲಿ ಸರ್ಕಾರದ ಡಿ ಪಟ್ಟಾ ಸಿಕ್ಕು, ಗುಡ್ಡದ ಬದಿಯ ಕಲ್ಲು ಹೊಲ ಬೀಳುಬಿಟ್ಟವರನ್ನು ನೋಡಿದವರಿಗೆ ಈ ಮಾತು ತಟ್ಟನೆ ಹೊಳೀತದೆ. ಕಾಗದ ಇದೆ, ಹೊಲವೂ ಇದೆ, ಬಂಡವಾಳ ಇಲ್ಲ. ಅಂಥ ಜಮೀನನ್ನು ಬೇರೆಯವರು ಬರೆಸಿಕೊಳ್ಳದಂತೆ 1977ರಲ್ಲಿ ಆಂಧ್ರದಲ್ಲಿ ಕಾಯ್ದೆ ಬಂತು, ಒಳ್ಳೆಯದೇ ಆಯಿತು. ಆದರೆ ಮಣ್ಣನ್ನು ಕಾಪಾಡುವುದು ಒಂದು, ಆ ಮಣ್ಣಿಗೆ ನೀರು ತರುವುದು ಇನ್ನೊಂದು.

ಆ ಲೇಖನದಲ್ಲಿ ಅವರು ಹೇಳಿದ ಇನ್ನೊಂದು ವಿಷಯ, ಹೊಲದ ಮೇಲೆ ಬೇಕಾದ್ದಕ್ಕಿಂತ ಜಾಸ್ತಿ ಜನ ಕೂತಿದ್ದಾರೆ ಅನ್ನುವುದು. ನಾಲ್ಕು ಜನ ಮಾಡುವ ಕೆಲಸವನ್ನು ಎಂಟು ಜನ ಹಂಚಿಕೊಂಡು ಮಾಡ್ತಾರೆ. ಉಣ್ಣುವಾಗ ಎಂಟು ಹೊಟ್ಟೆ. ಮಿಕ್ಕ ನಾಲ್ಕು ಜನಕ್ಕೆ ಬೇರೆ ಕಡೆ, ಕೈಗಾರಿಕೆಯಲ್ಲಿ, ಕೆಲಸ ಸಿಕ್ಕಬೇಕು. ಆಗ ಹೊಲದಲ್ಲಿ ಉಳಿದವರ ಸ್ಥಿತಿಯೂ ಮೇಲಾಗ್ತದೆ ಎಂಬುದು ಅವರ ವಾದ. ಈಗ ನಮ್ಮ ಊರುಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ಬಸ್ಸುಗಳನ್ನು ನೋಡಿ. ಅದು ಸುಖದ ಪ್ರಯಾಣವಲ್ಲ. ಆದರೂ ಬೆಂಗಳೂರಿನ ದಾರಿ ಒಂದು ತೆರೆದ ಮೇಲೆ ಊರಲ್ಲಿ ಕೂಲಿ ಕೇಳುವ ದನಿ ಬದಲಾಯಿತು ಅನ್ನುವುದನ್ನು ಯಾರೂ ಅಲ್ಲಗಳೆಯಲಾರರು.

1923ರಲ್ಲಿ ಲಂಡನ್ನಿನಲ್ಲಿ ಅವರ ರೂಪಾಯಿಯ ಸಮಸ್ಯೆ ಕುರಿತ ಪುಸ್ತಕ ಅಚ್ಚಾಯಿತು. ಬೆಳ್ಳಿ, ಬಂಗಾರ, ಟಂಕಸಾಲೆ ಅಂತ ಬಹಳ ಕಷ್ಟದ ಪುಸ್ತಕ. ತಿರುಳನ್ನು ನಮ್ಮ ಮಾತಲ್ಲಿ ಹೀಗೆ ಹೇಳಬಹುದು. ರೂಪಾಯಿಯ ಬೆಲೆ ಅಂದರೆ ಅದು ಕೊಳ್ಳುವ ಸರಕು. ಸರ್ಕಾರ ಮನಸ್ಸು ಬಂದಷ್ಟು ರೂಪಾಯಿ ಹೊರಡಿಸುತ್ತಾ ಹೋದರೆ ಒಂದೊಂದು ರೂಪಾಯಿ ಕೊಳ್ಳುವುದು ಕಡಿಮೆಯಾಗ್ತದೆ. ಹಾಗಾಗಿ ಎಷ್ಟು ರೂಪಾಯಿ ಹೊರಡಿಸಬೇಕು ಅನ್ನುವುದಕ್ಕೆ ಬೇಲಿ ಇರಬೇಕು. ಕೇನ್ಸ್ ಎಂಬ ಪ್ರಖ್ಯಾತ ಇಂಗ್ಲಿಷ್ ಅರ್ಥಶಾಸ್ತ್ರಜ್ಞರು ಆಗಿನ ನಾಣ್ಯ ಪದ್ಧತಿಯನ್ನು ಮೆಚ್ಚಿ ಬರೆದಿದ್ದರು; ಮೂವತ್ತೆರಡು ವರ್ಷದ ನಮ್ಮ ಬಾಬಾಸಾಹೇಬರು ಅದನ್ನು ಒಪ್ಪದೆ ಎದುರು ವಾದ ಹೂಡಿದರು.

1925ರಲ್ಲಿ ಹಿಲ್ಟನ್ ಯಂಗ್ ಕಮಿಷನ್ ಮುಂದೆ ಅವರು ಸಾಕ್ಷಿ ಹೇಳಿದರು. ಆಗ ರೂಪಾಯಿಯ ಬೆಲೆ ಇಳಿಸಿದರೆ ರಫ್ತು ಹೆಚ್ಚಿ ದೇಶಕ್ಕೇ ಲಾಭ ಅಂತ ವ್ಯಾಪಾರಸ್ಥರು ಕೇಳುತ್ತಿದ್ದರು. ಅಂಬೇಡ್ಕರರು ಆ ಲಾಭ ಎಲ್ಲಿಂದ ಬರ್ತದೆ ಅಂತ ಹುಡುಕಿದರು. ಅದು ಹೊರದೇಶದಿಂದ ಬರುವುದಲ್ಲ. ಇಲ್ಲೇ ಒಂದು ವರ್ಗದ ಜೇಬಿನಿಂದ ಇನ್ನೊಂದು ವರ್ಗದ ಜೇಬಿಗೆ ಹೋಗುವುದು. ಹೇಗೆ ಅಂದರೆ, ರೂಪಾಯಿ ಇಳಿದಾಗ ಸರಕಿನ ಬೆಲೆ ಬೇಗ ಏರ್ತದೆ, ಕೂಲಿ ನಿಧಾನಕ್ಕೆ ಏರ್ತದೆ. ಆ ನಡುವಿನ ಅಂತರವೇ ಲಾಭ. ಒಂದು ಲೆಕ್ಕ ಮಾಡಿ. ಕೂಲಿ ನೂರು ರೂಪಾಯಿ, ಅಕ್ಕಿ ಕಿಲೋಗೆ ಇಪ್ಪತ್ತು ಅಂತ ಇಟ್ಟುಕೊಳ್ಳಿ. ದಿನಕ್ಕೆ ಐದು ಕಿಲೋ. ಮುಂದಿನ ವರ್ಷ ಕೂಲಿ ನೂರಾ ಹತ್ತಾಯಿತು, ಅಕ್ಕಿ ಇಪ್ಪತ್ತೈದಾಯಿತು. ಹತ್ತು ರೂಪಾಯಿ ಜಾಸ್ತಿ ಬಂತು ಅಂತ ಸಂತೋಷಪಟ್ಟವನ ಚೀಲದಲ್ಲಿ ನಾಲ್ಕು ಕಿಲೋ ನಾನೂರು ಗ್ರಾಂ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಕೂಲಿ ಕಡಿಮೆ ಮಾಡಲಿಲ್ಲ. ಆರುನೂರು ಗ್ರಾಂ ಹೋಯಿತು. ಬೆಲೆಯೇರಿಕೆ ಅನ್ನುವುದು ಸದ್ದಿಲ್ಲದ ಕೂಲಿ ಕಡಿತ. ಕಾನೂನು ಓದದವನಿಗೂ ಅರ್ಥವಾಗುವ ಈ ಅನ್ಯಾಯವನ್ನು ಸರ್ಕಾರದ ಕಮಿಷನ್ ಮುಂದೆ, ಅಂಕಿಗಳ ಭಾಷೆಯಲ್ಲೇ, ನಮ್ಮವರೊಬ್ಬರು ನಿಂತು ಹೇಳಿದರು.

ಮತ್ತೆ ನಮ್ಮ ಸೀಮೆಗೆ ಬರ್ತೇನೆ. ಸಜ್ಜೆ, ಜೋಳ, ಆರ್ಕ, ಕೊರಲೆ ಬೆಳೆಯುತ್ತಿದ್ದ ಕೆಂಪು ಹೊಲಗಳಿಗೆ ಕಡಲೆಕಾಯಿ ಬಂತು. ಅನಂತಪುರ ಜಿಲ್ಲೆ ಅಂದರೆ ಕಡಲೆಕಾಯಿ ಅನ್ನುವಷ್ಟರ ಮಟ್ಟಿಗೆ ಹಬ್ಬಿತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಸೀಮೆಯಲ್ಲಿ ಅದು ಜೂಜೇ. ಬೀಜ ಕೊಳ್ಳುವಾಗ ದುಬಾರಿ, ಕಾಯಿ ಮಾರುವಾಗ ಅಗ್ಗ. ಮನ್ರೋ ಕಾಲದ ಕಿಸ್ತಿನ ಕಥೆಯೇ ಮತ್ತೆ, ಈ ಸಾರಿ ಕಿಸ್ತು ಸಾಲಗಾರನದು. ಕೂಲಿಯವನಿಗೆ ಆದದ್ದು ಇನ್ನೊಂದು ಬದಲಾವಣೆ, ಅದನ್ನು ಯಾರೂ ಅಷ್ಟಾಗಿ ಗಮನಿಸಲ್ಲ. ಜೋಳದ ಹೊಲದಲ್ಲಿ ದುಡಿದರೆ ಜೋಳ ತರಬಹುದು, ಮುದ್ದೆಯೋ ರೊಟ್ಟಿಯೋ ಆಗ್ತದೆ. ಕಡಲೆಕಾಯಿ ತಂದು ಮೂರು ಹೊತ್ತು ತಿನ್ನಲಾದೀತೆ? ಕೂಲಿ ರೂಪಾಯಿಗೆ ತಿರುಗಿತು. ಅಂದಿನಿಂದ ನಮ್ಮ ಊಟ ಸಂತೆಯ ಬೆಲೆಗೆ ಗಂಟು ಬಿತ್ತು. ಇದರ ಜೊತೆಗೇ ಬಾವಿಗಳಿಗೆ ಆಯಿಲ್ ಇಂಜಿನ್ನು, ಕರೆಂಟು ಮೋಟಾರು ಬಂದವು, ಕಪಿಲೆ ಮೂಲೆ ಸೇರಿತು. ಬಾನಿ ಹೊಲಿಯುವ ಕೈಗೆ ಕೆಲಸವಿಲ್ಲ. ತಲೆಮಾರುಗಳ ಕಸುಬು ಬೆಲೆ ಕಳೆದುಕೊಂಡಿತು. ಕಸುಬುದಾರನ ಕೈಚಳಕ ಕಡಿಮೆಯಾಗಿರಲಿಲ್ಲ, ಆ ಸರಕು ಕೇಳುವವರು ಇಲ್ಲವಾದರು. ಅದರಲ್ಲಿ ಅವಮಾನದ ಭಾಗ ಹೋದದ್ದು ಒಳ್ಳೆಯದೇ. ಅನ್ನದ ಭಾಗಕ್ಕೆ ಬದಲಿ ಕೂಡಲೇ ಸಿಗಲಿಲ್ಲ.

ಬದಲಿ ಸಿಗದವನು ಸಾಲಕ್ಕೆ ಹೋದ. ನಮ್ಮ ಕಡೆ ಬಡ್ಡಿಯನ್ನು ಹೇಳುವ ರೀತಿಯೇ ಮೋಸದ್ದು, ಎರಡು ರೂಪಾಯಿ ಬಡ್ಡಿ, ಮೂರು ರೂಪಾಯಿ ಬಡ್ಡಿ ಅಂತ. ಕೇಳೋಕೆ ಟೀ ಖರ್ಚಿನಷ್ಟು. ಅದು ನೂರಕ್ಕೆ ತಿಂಗಳಿಗೆ. ಮೂರು ರೂಪಾಯಿ ಅಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು. ಬಡ್ಡಿ ಕಟ್ಟದೆ ಅಸಲಿಗೆ ಸೇರಿಸುತ್ತಾ ಹೋದರೆ ಎರಡು ವರ್ಷಕ್ಕೆ ಹತ್ತು ಸಾವಿರ ಇಪ್ಪತ್ತು ಸಾವಿರ ಆಗ್ತದೆ. ಅದೇ ವರ್ಷಕ್ಕೆ ಏಳು ಪರ್ಸೆಂಟಿನ ಬ್ಯಾಂಕ್ ಸಾಲ ಇಮ್ಮಡಿಯಾಗಲು ಹತ್ತು ವರ್ಷದ ಮೇಲೆ ಬೇಕು. ಬಡವನಿಗೇ ಯಾಕೆ ಜಾಸ್ತಿ ಬಡ್ಡಿ? ಅಡವಿಡಲು ಏನೂ ಇಲ್ಲ, ಕೊಡುವವನು ಒಬ್ಬನೇ, ಬೇಕಾಗಿರುವುದು ಇವತ್ತು ಸಂಜೆಗೆ. ಏನೂ ಇಲ್ಲದವನು ಕೊನೆಗೆ ಅಡವಿಟ್ಟದ್ದು ಮಗನನ್ನು. ಜೀತ ಅಂದರೆ ಲೆಕ್ಕದ ಭಾಷೆಯಲ್ಲಿ ಇಷ್ಟೇ: ದುಡಿಮೆ ಪೂರಾ ಬಡ್ಡಿಗೆ ಹೋಗ್ತದೆ, ಅಸಲು ಹಾಗೇ ನಿಂತಿರ್ತದೆ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿ ಆ ಸಾಲಗಳನ್ನೂ ವಜಾ ಮಾಡಿತು. ಸ್ತ್ರೀಯರ ಉಳಿತಾಯ ಗುಂಪುಗಳ ಪುಸ್ತಕ ತೆಗೆದು ಬಡ್ಡಿಯ ಕಾಲಂ ನೋಡಿ, ಆಮೇಲೆ ಹೊರಗಿನ ಫೈನಾನ್ಸಿನವನ ಚೀಟಿ ನೋಡಿ. ತಿಂಗಳ ಲೆಕ್ಕವನ್ನು ಹನ್ನೆರಡರಿಂದ ಗುಣಿಸುವುದನ್ನು ಮರೆಯಬೇಡಿ.

ನಿಜ ಕೂಲಿಯನ್ನು ಏರಿಸಲು ಎರಡು ದಾರಿ. ಒಂದು ರೂಪಾಯಿ ಏರಿಸುವುದು, ಇನ್ನೊಂದು ಕಾಳಿನ ಬೆಲೆ ಇಳಿಸುವುದು. ಮೊದಲನೆಯದಕ್ಕೆ ಕನಿಷ್ಠ ಕೂಲಿ ಮಸೂದೆ. ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರರೇ ಅದನ್ನು 1946ರಲ್ಲಿ ಮಂಡಿಸಿದ್ದು, 1948ರಲ್ಲಿ ಕಾಯ್ದೆಯಾಯಿತು. ಎರಡನೆಯದನ್ನು ನಮ್ಮ ರಾಜ್ಯ 1983ರಲ್ಲಿ ಕಂಡಿತು. ಎನ್.ಟಿ. ರಾಮಾರಾವ್ ಸರ್ಕಾರ ಕಿಲೋಗೆ ಎರಡು ರೂಪಾಯಿಯ ಅಕ್ಕಿ ತಂದಿತು. ಕೂಲಿಯ ರೂಪಾಯಿ ಒಂದೂ ಏರದೆಯೇ ಮನೆಗೆ ಬರುವ ಅಕ್ಕಿ ಏರಿತು. ದುಡ್ಡು ಪೋಲು ಅಂತ ಬಹಳ ಜನ ಬರೆದರು. ಅದಕ್ಕೆ ಖರ್ಚು ಆಯಿತು, ಸುಳ್ಳಲ್ಲ. ಬಿಟ್ಟಿ ಅನ್ನುವುದು ಎಲ್ಲೂ ಇಲ್ಲ, ಯಾರೋ ಎಲ್ಲೋ ಕಟ್ಟಿರ್ತಾರೆ. ಆದರೆ ಖರ್ಚಿನ ಇನ್ನೊಂದು ಪಟ್ಟಿಯನ್ನೂ ನೋಡಬೇಕಲ್ಲ. ಟೆಂಪಲ್ ಉಳಿಸಿದ ಅರ್ಧ ಪೌಂಡಿನ ಲೆಕ್ಕ 1881ರ ಜನಗಣತಿಯಲ್ಲಿ ಸಿಕ್ಕಿತು.

2006ರ ಫೆಬ್ರವರಿ 2ರಂದು ನಮ್ಮದೇ ಜಿಲ್ಲೆಯ ನಾರ್ಪಲ ಮಂಡಲದ ಬಂಡ್ಲಪಲ್ಲಿಯಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಗ್ರಾಮೀಣ ಉದ್ಯೋಗ ಖಾತ್ರಿ ಯೋಜನೆಯನ್ನು ಇಡೀ ದೇಶಕ್ಕೆ ಆರಂಭಿಸಿದರು. ಅವರೂ ಅರ್ಥಶಾಸ್ತ್ರ ಓದಿದವರೇ. ನಮ್ಮ ಜನ ಆ ಕೆಲಸಕ್ಕೆ ಇಟ್ಟ ಹೆಸರು ಕರುವು ಪನಿ, ಬರದ ಕೆಲಸ. ಧಾತು ಬರದ ಕಾಲದ ಮಣ್ಣಿನ ಕೆಲಸಕ್ಕೆ ಇದು ದೂರದ ನೆಂಟ ಅನ್ನುವುದು ಹೆಸರಲ್ಲೇ ಇದೆ. ಆದರೆ ಎರಡರ ನಿಯಮಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. 1877ರಲ್ಲಿ ಹಸಿದವನನ್ನು ದೂರ ನಡೆಸಿದರು; 2005ರ ಕಾಯ್ದೆ ಊರಿನ ಐದು ಕಿಲೋಮೀಟರ್ ಒಳಗೆ ಕೆಲಸ ಕೊಡಬೇಕು, ಅದಕ್ಕಿಂತ ದೂರವಾದರೆ ಹತ್ತು ಪರ್ಸೆಂಟ್ ಜಾಸ್ತಿ ಕೂಲಿ ಕೊಡಬೇಕು ಎಂದಿತು. ಆಗ ಕೊಡುವುದು ಅಧಿಕಾರಿಯ ಕೃಪೆ. ಇಲ್ಲಿ ಅರ್ಜಿ ಕೊಟ್ಟ ಹದಿನೈದು ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಬಾಕಿ ಕೂಲಿ, ಮಸ್ಟರ್ ರೋಲಿನ ಸುಳ್ಳು ಹೆಸರುಗಳು, ಇವೆಲ್ಲ ನಡೆದವು, ನಮಗೂ ಗೊತ್ತು. ಆದರೂ ವರ್ಷಕ್ಕೆ ನೂರು ದಿನ ಬೇರೆ ಕಡೆ ಕೆಲಸ ಉಂಟು ಅನ್ನುವ ಧೈರ್ಯವೇ ಹೊಲದ ಮಾಲೀಕನ ಹತ್ತಿರ ಮಾತಾಡುವ ಬಲವಾಯಿತು. ಬೇಡ ಅನ್ನಲು ಬಂದವನಿಗೆ ಬೆಲೆ ಕೇಳಲೂ ಬರ್ತದೆ.

ಕೊನೆಗೆ ಒಂದು ಲೆಕ್ಕವನ್ನು ನಿಮಗೇ ಬಿಡ್ತೇನೆ. ಆಂಧ್ರದಲ್ಲಿ ಆ ಕೆಲಸದ ದಿನಗೂಲಿ 2006ರಲ್ಲಿ 80 ರೂ., 2024-25ರಲ್ಲಿ 300 ರೂ. ಮೇಲ್ನೋಟಕ್ಕೆ ಮೂರುಮುಕ್ಕಾಲು ಪಟ್ಟು. ಮನೆಯಲ್ಲಿ ಹಳೆಯ ಅಂಗಡಿ ಚೀಟಿಗಳಿದ್ದರೆ ಹುಡುಕಿ, ಇಲ್ಲವಾದರೆ ಹಿರಿಯರನ್ನು ಕೇಳಿ: ಆಗ ತೊಗರಿಬೇಳೆ ಕಿಲೋಗೆ ಎಷ್ಟು, ಕಡಲೆಕಾಯಿ ಎಣ್ಣೆ ಎಷ್ಟು, ಗ್ಯಾಸ್ ಸಿಲಿಂಡರ್ ಎಷ್ಟು, ಅನಂತಪುರಕ್ಕೆ ಬಸ್ ಚಾರ್ಜ್ ಎಷ್ಟು, ಮಗುವಿಗೆ ಜ್ವರ ಬಂದರೆ ಡಾಕ್ಟರ್ ಫೀಸು ಎಷ್ಟು? ಆಗಿನ ಬೆಲೆಗಳನ್ನು 80ರ ಕೆಳಗೆ, 2024-25ರವನ್ನು 300ರ ಕೆಳಗೆ ಬರೆದು ಒಂದೊಂದನ್ನೂ ಭಾಗಿಸಿ. ಕೆಲವು ಸರಕಿನಲ್ಲಿ ನಾವು ಗೆದ್ದಿರ್ತೇವೆ, ಕೆಲವದರಲ್ಲಿ ಸೋತಿರ್ತೇವೆ. ಕರುವು ಪನಿಯಲ್ಲಿ ದುಡ್ಡು ಬರುವುದು ಅಳತೆಗೆ ತಕ್ಕ ಹಾಗೆ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸಿ. ಮೇ ತಿಂಗಳಲ್ಲಿ ಕಲ್ಲಿನಂತಾದ ನೆಲದಲ್ಲಿ ಗುಂಡಿ ಆಳಕ್ಕೆ ಇಳಿಯುವುದಿಲ್ಲ, ಕೈಗೆ ಬರುತ್ತಿದ್ದುದು 300ಕ್ಕಿಂತ ಕಡಿಮೆಯೇ.